ರೀಥೀಮ್: ಹಳೆಯ ರೈಡಿಗೆ ಹೊಸ ಕಥೆ ತೊಡಿಸುವ ಕೆಲಸ

ಥೀಮ್ ಪಾರ್ಕಿನ ಹಳೆಯ ರೈಡೊಂದರ ಕಟ್ಟಡ, ಹಳಿ ಅಥವಾ ನೀರಿನ ಕಾಲುವೆಯನ್ನು ಇದ್ದಂತೆಯೇ ಉಳಿಸಿಕೊಂಡು, ಅದರ ಕಥೆ, ಗೊಂಬೆ, ಬಣ್ಣ, ಸಂಗೀತಗಳನ್ನು ಬದಲಿಸುವುದಕ್ಕೆ ರೀಥೀಮ್ ಎನ್ನುತ್ತಾರೆ. ಪೂರ್ತಿ ಕೆಡವಿ ಅದೇ ಜಾಗದಲ್ಲಿ ಬೇರೆ ರೈಡ್ ಕಟ್ಟಿದರೆ ಅದು ರೀಥೀಮ್ ಅಲ್ಲ. ತುಕ್ಕು ಕೆರೆದು, ಬೇರಿಂಗ್ ಬದಲಿಸಿ, ಮೊದಲಿದ್ದ ಬಣ್ಣವನ್ನೇ ಮತ್ತೆ ಹಚ್ಚಿ ತೆರೆದರೆ ಅದೂ ಅಲ್ಲ, ಅದು ರಿಪೇರಿ. ಹಳೆಯ ರೈಡುಗಳನ್ನು ಪ್ರೀತಿಸುವವರ ಆತಂಕ ಹುಟ್ಟುವುದು ಇವೆರಡರ ನಡುವೆ. ಹೊರಗಿನಿಂದ ನೋಡಿದರೆ ಗುಡ್ಡ ಅದೇ, ಪಾಳಿ ಅದೇ, ದೋಣಿಯೂ ಅದೇ. ಒಳಗೆ ಹೋದವರಿಗೆ ಮಾತ್ರ ಇದು ತಮಗೆ ಗೊತ್ತಿದ್ದ ಜಾಗವಲ್ಲ ಅನಿಸುತ್ತದೆ.

ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಅಮೆರಿಕದ ಡಿಸ್ನಿ ಪಾರ್ಕುಗಳ ಸ್ಪ್ಲಾಶ್ ಮೌಂಟನ್. ಕ್ಯಾಲಿಫೋರ್ನಿಯಾದಲ್ಲಿ 1989ರಲ್ಲಿ ಶುರುವಾದ ಈ ರೈಡಿನಲ್ಲಿ ಮರದ ದಿಮ್ಮಿಯಂಥ ದೋಣಿ ಗುಡ್ಡದೊಳಗೆ ನಿಧಾನವಾಗಿ ತೇಲಿ, ಕೊನೆಗೆ ಸುಮಾರು 50 ಅಡಿ ಎತ್ತರದಿಂದ ಧುಮುಕುತ್ತಿತ್ತು. ಕಥೆಯನ್ನು ತೆಗೆದುಕೊಂಡದ್ದು 1946ರ ಚಿತ್ರವೊಂದರಿಂದ. ಕರಿಯ ಜನರ ಬದುಕನ್ನು ಅದು ತೋರಿಸಿದ ರೀತಿಯ ಬಗ್ಗೆ ಬಿಡುಗಡೆಯಾದಾಗಿನಿಂದಲೂ ಆಕ್ಷೇಪಣೆ ಇತ್ತು. 2020ರ ಜೂನ್‌ನಲ್ಲಿ ಕಥೆ ಬದಲಿಸುವುದಾಗಿ ಕಂಪನಿ ಘೋಷಿಸಿತು. ಫ್ಲಾರಿಡಾದ ರೈಡ್ 2023ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ್ದು ಅದೇ ವರ್ಷ ಮೇ ಕೊನೆಯಲ್ಲಿ ಮುಚ್ಚಿದವು. 2024ರಲ್ಲಿ ಎರಡೂ ‘ಟಿಯಾನಾಸ್ ಬಯೂ ಅಡ್ವೆಂಚರ್’ ಎಂಬ ಹೆಸರಿನಲ್ಲಿ ಮತ್ತೆ ತೆರೆದವು. ಕಾಲುವೆಯ ತಿರುವುಗಳು, ಏರು, ಧುಮುಕುವ ಇಳಿಜಾರು ಎಲ್ಲ ಮೊದಲಿನಂತೆಯೇ ಇವೆ. ಟೋಕಿಯೊ ಪಾರ್ಕಿನ ಸ್ಪ್ಲಾಶ್ ಮೌಂಟನ್‌ನ ಕಥೆಗೆ ಆಗ ಕೈ ಹಚ್ಚಲಿಲ್ಲ.

ಹಾಗಾದರೆ ಹೋದದ್ದೇನು? ಗೊಂಬೆಗಳು ಹೋದವು ಎನ್ನುವುದು ಅರ್ಧ ಉತ್ತರ. ಹಳೆಯ ರೈಡಿನಲ್ಲಿ ಕೊನೆಯ ಏರು ಶುರುವಾಗುವಲ್ಲಿ ಎರಡು ರಣಹದ್ದುಗಳು ಕೂತು ದೋಣಿಯವರನ್ನು ಹೆದರಿಸುತ್ತಿದ್ದವು. ಕಥೆಯ ಮೊಲ ನರಿಯ ಕೈಗೆ ಸಿಕ್ಕಿದೆ, ಮುಂದೆ ನಿಮ್ಮ ಪಾಳಿ ಎಂಬ ಭಾವ ಅಲ್ಲಿ ಗಟ್ಟಿಯಾಗುತ್ತಿತ್ತು, ಆಮೇಲೆ ಜಿಗಿತ. ಹೊಸ ಕಥೆಯಲ್ಲಿ ಖಳರೇ ಇಲ್ಲ, ಹಬ್ಬದ ಸಂಗೀತಕ್ಕೆ ಕಲಾವಿದರನ್ನು ಹುಡುಕುತ್ತ ಹೋಗುವ ನಲಿವಿನ ಕಥೆ ಅದು. ಜಿಗಿತದ ಅಡಿ ಲೆಕ್ಕ ಒಂದಿಂಚೂ ಬದಲಾಗಿಲ್ಲ, ಜಿಗಿತಕ್ಕಿದ್ದ ಕಾರಣ ಮಾತ್ರ ಹೋಗಿದೆ. ಹಳೆಯ ಕಥೆಯನ್ನು ಬಿಟ್ಟದ್ದು ಸರಿಯೇ. ಹೊಸ ಕಥೆಯನ್ನು ಹಳೆಯ ಕಾಲುವೆಯ ಏರಿಳಿತಕ್ಕೆ ಹೊಂದಿಸಿ ಬರೆಯಬೇಕಿತ್ತು, ಅಲ್ಲಿ ಕೊರತೆಯಾಗಿದೆ.

ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾದ ಸ್ಪ್ಲಾಶ್ ಮೌಂಟನ್‌ನ ಬಹಳಷ್ಟು ಪ್ರಾಣಿ ಗೊಂಬೆಗಳು ಅದಕ್ಕಾಗಿ ಮಾಡಿದವುಗಳೇ ಅಲ್ಲ. 1974ರಿಂದ 1988ರವರೆಗೆ ಅದೇ ಪಾರ್ಕಿನಲ್ಲಿ ನಡೆದ ‘ಅಮೆರಿಕಾ ಸಿಂಗ್ಸ್’ ಎಂಬ ಹಾಡಿನ ಪ್ರದರ್ಶನ ನಿಂತಾಗ ಅಲ್ಲಿಂದ ತಂದು ನಿಲ್ಲಿಸಿದ್ದವು. ಹೀಗಾಗಿ ‘ಮೂಲ ರೂಪ ಕೆಡಿಸಿದರು’ ಎನ್ನುವ ಮುಂಚೆ ಯಾವ ವರ್ಷದ ರೂಪವನ್ನು ಮೂಲ ಎನ್ನುತ್ತಿದ್ದೇವೆ ಎಂದು ಹೇಳಿಕೊಳ್ಳಬೇಕು.

ರೀಥೀಮ್ ಸುದ್ದಿ ಬಂದಾಗ ಮೊದಲು ನೋಡಬೇಕಾದದ್ದು ಯಾವ ಪದರಕ್ಕೆ ಕೈ ಹಚ್ಚುತ್ತಿದ್ದಾರೆ ಎನ್ನುವುದನ್ನು. ಎಲ್ಲಕ್ಕಿಂತ ಕೆಳಗಿರುವುದು ಕಟ್ಟಡ, ಹಳಿ, ಕಾಲುವೆ. ಅದರ ಮೇಲೆ ಸೆಟ್ ಮತ್ತು ಗೊಂಬೆ. ಅದರ ಮೇಲೆ ಬೆಳಕು ಮತ್ತು ಧ್ವನಿ. ಕಥೆ ಇವೆಲ್ಲವನ್ನೂ ಹೆಣೆದ ದಾರ. ಸುದ್ದಿ ಬರೆಯುವವರು ಕಥೆಯ ಬಗ್ಗೆ ಬರೆಯುತ್ತಾರೆ, ಅಭಿಮಾನಿಗಳು ಗೊಂಬೆಯ ಬಗ್ಗೆ ಕೇಳುತ್ತಾರೆ. ಸದ್ದಿಲ್ಲದೆ ಹಾಳಾಗುವುದು ಬೆಳಕು ಮತ್ತು ಧ್ವನಿ.

ಕತ್ತಲ ಕೋಣೆಗಳ ರೈಡಿನಲ್ಲಿ ಸೆಟ್ಟಿನ ಬಣ್ಣವನ್ನು ಅಲ್ಲಿ ಉರಿಯುವ ದೀಪದ ಕೆಳಗೇ ನೋಡಿ ಆರಿಸಿರುತ್ತಾರೆ. ಹಳೆಯ ಹ್ಯಾಲೊಜನ್ ದೀಪ ಸುಮಾರು 3,000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು ಕೊಡುತ್ತದೆ. ವಿದ್ಯುತ್ ಉಳಿತಾಯಕ್ಕೆಂದು ಅಲ್ಲಿ 5,000 ಕೆಲ್ವಿನ್‌ನ ಬಿಳಿ ಎಲ್‌ಇಡಿ ಹಾಕಿದರೆ ಗೊಂಬೆಯ ಮೈಬಣ್ಣ ಬೂದಿಯಾಗುತ್ತದೆ, ಹಿಂದಿನ ಪರದೆಯ ಕುಂಚದ ಗುರುತು ಎದ್ದು ಕಾಣುತ್ತದೆ, ಕತ್ತಲಲ್ಲಿ ಮರೆಯಾಗಿರಬೇಕಾದ ಪೈಪು-ತಂತಿಗಳೂ ಕಣ್ಣಿಗೆ ಬೀಳುತ್ತವೆ. ಧ್ವನಿಯ ಕಥೆಯೂ ಹೀಗೇ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆಂದು ಮಾಡಿ ಆಮೇಲೆ ಡಿಸ್ನಿಲ್ಯಾಂಡಿಗೆ ತಂದ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ರೈಡಿನಲ್ಲಿ ಒಂದೇ ಹಾಡು ಕೋಣೆಯಿಂದ ಕೋಣೆಗೆ ಬೇರೆ ಬೇರೆ ವಾದ್ಯ, ಭಾಷೆಗಳಲ್ಲಿ ಕೇಳುತ್ತದೆ. ಲಯ ಒಂದೇ ಆದ್ದರಿಂದ ಪಕ್ಕದ ಕೋಣೆಯ ಸದ್ದು ಸೋರಿ ಬಂದರೂ ಕಿವಿಗೆ ಕಲಸಿದಂತಾಗುವುದಿಲ್ಲ. ಇಂಥ ಕಡೆ ಒಂದು ಕೋಣೆಗೆ ಮಾತ್ರ ಬೇರೆ ಹಾಡು ಸೇರಿಸಿದರೆ ಅದರ ಎರಡೂ ಬದಿಯ ಕೋಣೆಗಳು ಕೆಡುತ್ತವೆ.

ಪಾರ್ಕಿನವರು ಬದಲಿಸುವುದಕ್ಕೆ ಕಾರಣಗಳು ಹಲವು. ಸಿನಿಮಾ ಮಾರುವ ಆಸೆ ಇದ್ದೇ ಇದೆ. ಆದರೆ ಯಂತ್ರದ ಕಾರಣಗಳನ್ನು ಹಗುರ ಮಾಡಬಾರದು. ಹಳೆಯ ದೊಡ್ಡ ಗೊಂಬೆಗಳು ಎಣ್ಣೆಯ ಒತ್ತಡದಿಂದ ಕೈಕಾಲು ಆಡಿಸುತ್ತವೆ. ಸೀಲು ಸವೆದರೆ ಎಣ್ಣೆ ಸೋರಿ ಗೊಂಬೆಯ ಬಟ್ಟೆ, ಚರ್ಮ ಎರಡನ್ನೂ ಕೆಡಿಸುತ್ತದೆ. ಗಾಳಿಯ ಒತ್ತಡದವು ಚಿಕ್ಕ ಚಲನೆಗಷ್ಟೇ ಸರಿ. ಹೊಸ ಗೊಂಬೆಗಳಲ್ಲಿ ವಿದ್ಯುತ್ ಮೋಟರು ಇರುತ್ತದೆ, ಚಲನೆ ನಯ, ಸೋರುವ ಮಾತಿಲ್ಲ. ಹಳೆಯ ಗೊಂಬೆಯ ಒಳಯಂತ್ರ ಬದಲಿಸಿ ಹೊರಮೈ ಉಳಿಸಿದರೆ ಅದು ಒಳ್ಳೆಯ ರಿಪೇರಿ, ಅದಕ್ಕೆ ಅಂಜಬೇಕಾಗಿಲ್ಲ.

ಪಾಳಿಯ ಲೆಕ್ಕವನ್ನೂ ನೋಡಬೇಕು. 20 ಜನರ ದೋಣಿ 30 ಸೆಕೆಂಡಿಗೊಂದು ಹೊರಟರೆ ಗಂಟೆಗೆ 2,400 ಜನ ಸಾಗುತ್ತಾರೆ. ಹೊಸ ಥೀಮಿನಲ್ಲಿ ಹತ್ತುವ ಕಡೆ ಒಂದು ಚಿಕ್ಕ ಪ್ರದರ್ಶನ ಸೇರಿಸಿ 45 ಸೆಕೆಂಡಿಗೊಂದು ಬಿಟ್ಟರೆ ಅದು 1,600ಕ್ಕೆ ಇಳಿಯುತ್ತದೆ. ಮೊದಲು ಅರ್ಧ ತಾಸು ನಿಂತವರು ಅಷ್ಟೇ ಉದ್ದದ ಪಾಳಿಯಲ್ಲಿ ಮುಕ್ಕಾಲು ತಾಸು ನಿಲ್ಲುತ್ತಾರೆ. ಗೊಂಬೆ ಎಷ್ಟೇ ಚೆಂದ ಇರಲಿ, ಈ ಕಾಲು ತಾಸು ಎಲ್ಲರಿಗೂ ತಟ್ಟುತ್ತದೆ.

ಎರಡನೆಯ ಪ್ರಶ್ನೆ, ಮಾಡಿದ್ದನ್ನು ತಿರುಗಿಸಬಹುದೇ ಎನ್ನುವುದು. ಡಿಸ್ನಿಲ್ಯಾಂಡಿನ 1969ರ ಹಾಂಟೆಡ್ ಮ್ಯಾನ್ಶನ್‌ಗೆ 2001ರಿಂದ ಹಬ್ಬದ ದಿನಗಳಲ್ಲಿ ಬೇರೆ ಅಲಂಕಾರ, ಬೇರೆ ಸಂಗೀತ ಹಾಕಿ, ಜನವರಿಯಲ್ಲಿ ಕಳಚುತ್ತಾರೆ. ಇದಕ್ಕೆ ಓವರ್‌ಲೇ ಎನ್ನುತ್ತಾರೆ. ಗೋಡೆಗೆ ಹೊಸ ತೂತು ಬೀಳದಿದ್ದರೆ, ತೆಗೆದಿಟ್ಟ ಸಾಮಾನಿಗೆ ನಂಬರು ಇದ್ದರೆ ಓವರ್‌ಲೇ ನಿರುಪದ್ರವಿ. ತಿರುಗಿಸಲಾಗದ ಬದಲಾವಣೆಯಲ್ಲೂ ಅದೇ ರೈಡಿನ ಜೋಡಿ ಬೇರೆ ಪಾರ್ಕಿನಲ್ಲಿ ಉಳಿದಿದೆಯೇ ನೋಡಬೇಕು. ಫ್ಲಾರಿಡಾದ ‘ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್’ ಅಭಿಮಾನಿಗಳು ಪ್ರತಿಭಟಿಸಿದರೂ 1998ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು, ಕ್ಯಾಲಿಫೋರ್ನಿಯಾದ್ದು ಉಳಿಯಿತು. ಆದರೂ ಪೂರ್ತಿ ಸಮಾಧಾನವಿಲ್ಲ: ಫ್ಲಾರಿಡಾದ ರೈಡಿಗೆ ಎರಡು ಬೇರೆ ಬೇರೆ ಹಳಿಗಳಿದ್ದವು, ಆ ವಿನ್ಯಾಸ ಬೇರೆಲ್ಲೂ ಇಲ್ಲ. ಜೋಡಿ ಇಲ್ಲದ್ದನ್ನು ದಾಖಲೆಯೂ ಮಾಡದೆ ಕೀಳುವುದು ತಪ್ಪು.

ಎಲ್ಲ ಬದಲಾವಣೆಯೂ ನಷ್ಟವಲ್ಲ. 1967ರ ‘ಪೈರೇಟ್ಸ್ ಆಫ್ ದ ಕೆರಿಬಿಯನ್’ ರೈಡಿನಲ್ಲಿ ಹೆಂಗಸರನ್ನು ಹರಾಜು ಹಾಕುವ ದೃಶ್ಯವಿತ್ತು. 2018ರಲ್ಲಿ ಅದನ್ನು ಲೂಟಿ ಮಾಲಿನ ಹರಾಜಾಗಿ ಬದಲಿಸಿ, ಮಾರಾಟಕ್ಕೆ ನಿಂತಿದ್ದ ಕೆಂಪು ಕೂದಲಿನವಳನ್ನೇ ಕಡಲ್ಗಳ್ಳಿಯಾಗಿಸಿದರು. ದೃಶ್ಯದ ಜಾಗ, ಗದ್ದಲ, ಲಯ ಉಳಿದವು, ಅವಮಾನ ಹೋಯಿತು. ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ಪಾರ್ಕ್ 1978ರ ದೆವ್ವದ ಕೋಟೆ ‘ಸ್ಪೋಕ್‌ಸ್ಲಾಟ್’ ಅನ್ನು 2022ರಲ್ಲಿ ಮುಚ್ಚಿ ಕೆಡವಿ, 2024ರಲ್ಲಿ ಅಲ್ಲಿ ‘ದಾನ್ಸ್ ಮಕಾಬ್ರ’ ತೆರೆಯಿತು. ಇದು ರೀಥೀಮ್ ಅಲ್ಲ, ಹೊಸ ಕಟ್ಟಡ. ಆದರೆ ಹಳೆಯ ಕೋಟೆಯಲ್ಲಿ ಕೇಳುತ್ತಿದ್ದ ಸಂಗೀತವನ್ನೇ ಹೊಸದಕ್ಕೂ ಇಟ್ಟರು, ಹೆಸರೂ ಆ ಸಂಗೀತದ್ದೇ. ಒಂದು ಪದರವನ್ನು ಸರಿಯಾಗಿ ಆರಿಸಿ ಉಳಿಸಿದರೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಮ್ಮ ಕಡೆ ಇದನ್ನು ಕಣ್ಣಾರೆ ತಿಳಿಯಬೇಕೆಂದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋಗಬೇಕು. ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಒಕ್ಕಲುತನ, ಕಸುಬು, ದನ-ಕುರಿ ಸಾಕಣೆ, ಮನೆಗೆಲಸ ಹೀಗೆ ಒಂದಿಡೀ ಹಳ್ಳಿಯನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಶಿಲ್ಪಗಳ ಸಂಖ್ಯೆ ಸಾವಿರ ಮೀರುತ್ತದೆ. ಇಲ್ಲಿ ಹಳಿ ಇಲ್ಲ, ದೋಣಿ ಇಲ್ಲ, ನೋಡುವವರ ಕಾಲೇ ಗಾಡಿ. ಇಡೀ ಅನುಭವ ಶಿಲ್ಪದ ಮೈಮೇಲೆಯೇ ನಿಂತಿರುವುದರಿಂದ ಇಂಥ ಕಡೆ ರೀಥೀಮ್ ಆಗುವುದಕ್ಕೆ ಹೊಸ ಕಥೆಯೇ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು.

ಬಯಲಿನ ಸಿಮೆಂಟ್ ಶಿಲ್ಪ ಕೆಡುವ ಬಗೆ ಹೀಗೆ: ಒಳಗೆ ಕಬ್ಬಿಣದ ಸಳಿ, ಅದರ ಸುತ್ತ ತಂತಿ ಜಾಳಿಗೆ, ಮೇಲೆ ಸಿಮೆಂಟ್. ಬೆರಳು, ಕಿವಿ, ಸೀರೆಯ ಅಂಚಿನಂಥ ಕಡೆ ಸಳಿಯ ಮೇಲಿನ ಸಿಮೆಂಟ್ ತೀರಾ ತೆಳು. ಮಳೆನೀರು ಇಳಿದು ಸಳಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಆದ್ದರಿಂದ ಸಳಿಯ ಉದ್ದಕ್ಕೂ ಬಿರುಕು ಬಿಡುತ್ತದೆ, ಕಂದು ನೀರು ಇಳಿದ ಗೆರೆ ಕಾಣುತ್ತದೆ. ಸುಲಭದ ದಾರಿ ಹಿಡಿದವರು ಬಿರುಕಿಗೆ ಪುಟ್ಟಿ ತುಂಬಿ ಮೇಲೆ ಆಯಿಲ್ ಪೇಂಟ್ ಬಳಿಯುತ್ತಾರೆ. ತುಕ್ಕು ಒಳಗೇ ಬೆಳೆಯುತ್ತದೆ, ತೇವ ಹೊರಬರದೆ ಬಣ್ಣ ಗುಳ್ಳೆ ಏಳುತ್ತದೆ, ಒಂದೆರಡು ಮಳೆಗಾಲದಲ್ಲಿ ತುಂಡೇ ಉದುರುತ್ತದೆ.

ಸರಿಯಾದ ಕೆಲಸಕ್ಕೆ ತಾಳ್ಮೆ ಬೇಕು. ಬಿರುಕಿನ ಸುತ್ತ ಸಡಿಲಾದ ಸಿಮೆಂಟನ್ನು ಸಣ್ಣ ಉಳಿಯಿಂದ ತೆಗೆದು, ಸಳಿಯನ್ನು ಸುತ್ತಲೂ ತಂತಿ ಬ್ರಶ್‌ನಿಂದ ಹೊಳೆಯುವವರೆಗೆ ತಿಕ್ಕಿ, ತುಕ್ಕು ತಡೆಯುವ ಲೇಪ ಕೊಡಬೇಕು. ಹಳೆಯದು ಹೊಸದು ಅಂಟಿಕೊಳ್ಳಲು ಬಾಂಡಿಂಗ್ ದ್ರಾವಣ ಹಚ್ಚಿ, ಒಂದು ಪಾಲು ಸಿಮೆಂಟಿಗೆ ಎರಡರಿಂದ ಎರಡೂವರೆ ಪಾಲು ಜರಡಿ ಹಿಡಿದ ಉಸುಕು ಕಲಸಿ, ಒಮ್ಮೆಗೆ ಒಂದು ಸೆಂಟಿಮೀಟರ್ ಮೀರದಂತೆ ಪದರ ಪದರವಾಗಿ ಕಟ್ಟಬೇಕು. ಹಸಿ ಗೋಣಿತಟ್ಟು ಹೊದಿಸಿ ಏಳು ದಿನ ಒಣಗದಂತೆ ನೋಡಿಕೊಳ್ಳಬೇಕು. ಬಣ್ಣಕ್ಕೆ 28 ದಿನ ಕಾಯುವುದು ಒಳ್ಳೆಯದು. ಹಸಿ ಸಿಮೆಂಟಿನ ಕ್ಷಾರ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ. ಉಸಿರಾಡುವ ಅಕ್ರಿಲಿಕ್ ಹೊರಬಣ್ಣವೇ ಮೇಲು.

ಮುಖದ ಕೆಲಸ ಗವಂಡಿಯದಲ್ಲ, ಶಿಲ್ಪಿಯದು. ಪುಟ್ಟಿಯ ಒಂದು ಮಿಲಿಮೀಟರ್ ಪದರ ಕಣ್ಣಿನ ರೆಪ್ಪೆಯ ಅಂಚನ್ನು ಮುಚ್ಚುತ್ತದೆ, ಎರಡನೆಯದು ಮುದುಕಿಯ ಸುಕ್ಕನ್ನು ಅಳಿಸುತ್ತದೆ. ಅಳತೆ ಹಾಕಿದರೆ ಶಿಲ್ಪ ಅದೇ, ಆದರೆ ಆ ಮುಖ ಇಲ್ಲ. ಬಣ್ಣವೂ ಹಾಗೇ. ಇಳಕಲ್ ಸೀರೆಯ ಟೋಪಿ ತೆನಿ ಸೆರಗಿನ ಕೆಂಪು-ಬಿಳಿ, ಗುಳೇದಗುಡ್ಡದ ಖಣದ ಕುಪ್ಪಸ, ಕಂಬಳಿಯ ಕರಿ, ಮಾಸಿದ ಧೋತರದ ಬಿಳಿ ಇವನ್ನು ಅರಿಯದವರು ಡಬ್ಬಿಯಲ್ಲಿದ್ದ ಗುಲಾಬಿ, ನೀಲಿ ಬಳಿದರೆ ನಮ್ಮ ಹಳ್ಳಿಯ ಹೆಂಗಸು ಎಲ್ಲಿಯದೋ ಗೊಂಬೆಯಾಗುತ್ತಾಳೆ.

ಜಾತ್ರೆಯ ತೊಟ್ಟಿಲು, ಕೊಲಂಬಸ್ ದೋಣಿಗಳ ಹಲಗೆಗೆ ಆಗಾಗ ಹೊಸ ನಟರ ಚಿತ್ರ ಬರೆಸುವುದಕ್ಕೆ ಇಷ್ಟು ಚಿಂತೆ ಬೇಡ. ಊರೂರು ತಿರುಗುವ ಆಟದ ಸ್ವಭಾವವೇ ಅದು. ಅಲ್ಲಿ ನೋಡಬೇಕಾದದ್ದು ಬಣ್ಣವನ್ನಲ್ಲ, ನಟ್ಟು-ಬೋಲ್ಟು ಮತ್ತು ಸುರಕ್ಷತಾ ಪಟ್ಟಿಯನ್ನು.

ಮೆಚ್ಚಿದ ಜಾಗವೊಂದು ಬದಲಾಗುವ ಸೂಚನೆ ಸಿಕ್ಕರೆ ಅಭಿಮಾನಿಗಳು ಮಾಡಬಹುದಾದ ಮೊದಲ ಕೆಲಸ ದಾಖಲೆ. ಶಿಲ್ಪವಾದರೆ ನಾಲ್ಕೂ ಬದಿಯಿಂದ, ಮುಖಕ್ಕೆ ಬೇರೆಯಾಗಿ, ಪಕ್ಕದಲ್ಲಿ 30 ಸೆಂಟಿಮೀಟರ್ ಅಳತೆಪಟ್ಟಿ ಇಟ್ಟು, ನೆರಳಿರುವ ಹೊತ್ತಿನಲ್ಲಿ ಫೋಟೊ ತೆಗೆಯಬೇಕು. ನೇರ ಬಿಸಿಲಿನಲ್ಲಿ ಬಣ್ಣ ಬಿಳಚುತ್ತದೆ. ಬಿಳಿ ಹಾಳೆಯ ತುಂಡೊಂದು ಚೌಕಟ್ಟಿನಲ್ಲಿದ್ದರೆ ಆಮೇಲೆ ಬಣ್ಣ ಸರಿಹೊಂದಿಸಿಕೊಳ್ಳಬಹುದು. ಕತ್ತಲ ರೈಡಿನಲ್ಲಿ ಫ್ಲ್ಯಾಶ್ ಬೇಡ, ಅದು ದೀಪದ ವಿನ್ಯಾಸವನ್ನೇ ಅಳಿಸುತ್ತದೆ, ಉಳಿದವರ ನೋಟವನ್ನೂ ಕೆಡಿಸುತ್ತದೆ. ವಿಡಿಯೊ ಅಲುಗಿದರೂ ಚಿಂತೆಯಿಲ್ಲ, ಧ್ವನಿಯನ್ನು ಮೊದಲಿನಿಂದ ಕೊನೆಯವರೆಗೆ ತುಂಡಾಗದಂತೆ ಹಿಡಿಯಿರಿ. ಯಾವ ದೃಶ್ಯ ಎಷ್ಟು ಸೆಕೆಂಡು ಎನ್ನುವುದು ಅದರಿಂದಲೇ ಸಿಗುತ್ತದೆ.

ನಿರ್ವಹಣೆಯವರಿಗೆ ಬರೆಯುವಾಗ ‘ದಯವಿಟ್ಟು ಬದಲಿಸಬೇಡಿ’ ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ. ಯಾವ ಭಾಗ ಬದಲಾಗುತ್ತದೆ, ಹಳೆಯ ಬಣ್ಣದ ಮಾದರಿ ಇಟ್ಟುಕೊಂಡಿದ್ದೀರಾ, ಮುಖದ ಕೆಲಸ ಯಾರದು, ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಅಚ್ಚಿನ ಬಗ್ಗೆ ತಪ್ಪದೆ ಕೇಳಿ. ಅಚ್ಚು ಉಳಿದಿದ್ದರೆ ಮುರಿದ ಕೈಯನ್ನು ಮತ್ತೆ ಹಾಗೇ ಎರಕ ಹೊಯ್ಯಬಹುದು. ಇಲ್ಲದಿದ್ದರೆ ಫೋಟೊ ನೋಡಿ ಹೊಸದಾಗಿ ಮಾಡಬೇಕಾಗುತ್ತದೆ, ಆಗ ನಾಲ್ಕೂ ಬದಿಯಿಂದ ತೆಗೆದ ಚಿತ್ರಗಳನ್ನು ಅವರೇ ಕೇಳಿ ಪಡೆಯುತ್ತಾರೆ.