ಮಾರ್ಕ್ಸ್ ಕೊಡುವವರ ಮುಂದೆ ನೋವು ಹೇಳಿಕೊಳ್ಳುವುದು ಹೇಗೆ?

ಮನಸ್ಸು ಕುಗ್ಗಿದಾಗ ಎಲ್ಲಿಗೆ ಹೋಗಬೇಕು ಎನ್ನುವುದು ವೈದ್ಯಕೀಯ ಓದುವವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಖಿನ್ನತೆಯ ಲಕ್ಷಣಗಳನ್ನು ಪರೀಕ್ಷೆಗೆಂದೇ ಓದಿರುತ್ತಾರೆ. ಮನೋವೈದ್ಯರು ಎಷ್ಟೋ ಕಡೆ ಅದೇ ಆಸ್ಪತ್ರೆಯಲ್ಲಿರುತ್ತಾರೆ. ಆದರೂ ಹೋಗುವುದಿಲ್ಲ. 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವೈದ್ಯ ವಿದ್ಯಾರ್ಥಿಗಳಲ್ಲಿ ಶೇ. 27.2ರಷ್ಟು ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಅವರಲ್ಲಿ ಚಿಕಿತ್ಸೆ ಪಡೆದವರು ಶೇ. 15.7 ಮಾತ್ರ. ಉಳಿದವರನ್ನು ತಡೆದದ್ದು ಏನು? ಅದನ್ನು ತಿಳಿಯಲು ವೈದ್ಯರ ಇಂದಿನ ಆಸ್ಪತ್ರೆ ತರಬೇತಿ ಹುಟ್ಟಿದ ಕಾಲಕ್ಕೆ ಹೋಗಬೇಕು.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದದ್ದು 1889ರಲ್ಲಿ. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಕಟ್ಟಿದ ತರಬೇತಿ ಕ್ರಮವೇ ಮುಂದೆ ಎಷ್ಟೋ ಕಡೆ ಮಾದರಿಯಾಯಿತು. ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ಇರಬೇಕು, ಹಗಲು ರಾತ್ರಿ ಎನ್ನದೆ ಕರೆದಾಗ ಬರಬೇಕು. ದಣಿವನ್ನು ತಾಳಿಕೊಳ್ಳುವುದೂ ಕಲಿಕೆಯ ಭಾಗ ಎಂಬ ನಂಬಿಕೆ ಅಲ್ಲಿಂದ ಬೇರುಬಿಟ್ಟಿತು. ಆದರೆ ಹಾಲ್‌ಸ್ಟೆಡ್ ಸ್ವತಃ ಕಾಯಿಲೆಯ ಮನುಷ್ಯ. 1880ರ ದಶಕದಲ್ಲಿ ಕೊಕೇನನ್ನು ಅರಿವಳಿಕೆಯಾಗಿ ಬಳಸಬಹುದೇ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಅದಕ್ಕೆ ದಾಸನಾದ. ಚಿಕಿತ್ಸೆ ಪಡೆದ ಮೇಲೂ ಮಾರ್ಫಿನ್ ಅವಲಂಬನೆ ಉಳಿಯಿತು. ಇದು ಬೆರಳೆಣಿಕೆಯ ಆಪ್ತರಿಗಷ್ಟೇ ಗೊತ್ತಿತ್ತು. ಸಹೋದ್ಯೋಗಿ ವಿಲಿಯಂ ಆಸ್ಲರ್ ಬರೆದಿಟ್ಟಿದ್ದ ಗುಪ್ತ ಟಿಪ್ಪಣಿ 1969ರಲ್ಲಿ ಹೊರಬಂದಾಗಲೇ ಲೋಕಕ್ಕೆ ಪೂರ್ತಿ ತಿಳಿದದ್ದು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಣಿವರಿಯದ ವೈದ್ಯನ ಮಾದರಿ ಹಾಕಿಕೊಟ್ಟವನೇ ತನ್ನ ನೋವನ್ನು ಜೀವನವಿಡೀ ಬಚ್ಚಿಡಬೇಕಾಯಿತು.

ಅವನ ಕಾಲದ ನಂತರ ಹಲವು ದಶಕಗಳವರೆಗೆ ವೈದ್ಯರ ದಣಿವು, ನೋವು ಹೆಚ್ಚು ಚರ್ಚೆಗೆ ಬರಲಿಲ್ಲ. 1971ರಲ್ಲಿ ಹೊಸದಾಗಿ ತರಬೇತಿಗೆ ಸೇರಿದ ವೈದ್ಯರ, ಅಂದರೆ ಇಂಟರ್ನ್‌ಗಳ ಮೇಲೆ ಒಂದು ಚಿಕ್ಕ ಅಧ್ಯಯನ ನಡೆಯಿತು. ನಿದ್ದೆಗೆಟ್ಟವರು ಇಸಿಜಿ ಓದುವಾಗ ಹೆಚ್ಚುಕಮ್ಮಿ ಎರಡು ಪಟ್ಟು ತಪ್ಪು ಮಾಡುತ್ತಾರೆ ಎಂದು ಅದು ತೋರಿಸಿತು. ಅಷ್ಟರಿಂದ ಡ್ಯೂಟಿ ಪಟ್ಟಿ ಬದಲಾಗಲಿಲ್ಲ. 1973ರಲ್ಲಿ ಅಮೆರಿಕದ ವೈದ್ಯರ ಸಂಘ ಕುಡಿತ, ಮಾದಕ ವ್ಯಸನ, ಮಾನಸಿಕ ಕಾಯಿಲೆಗೆ ಸಿಕ್ಕ ವೈದ್ಯರ ಬಗ್ಗೆ ವರದಿ ಹೊರತಂದಿತು. ಅದರ ಬೆನ್ನಲ್ಲೇ ರಾಜ್ಯಗಳಲ್ಲಿ ನೆರವಿನ ಯೋಜನೆಗಳು ಬಂದವು. ಒಳ್ಳೆಯ ಹೆಜ್ಜೆಯೇ. ಆದರೆ ಅವು ಬಿದ್ದವರನ್ನು ಎತ್ತಲು ಇದ್ದವು, ಬೀಳುವ ಮೊದಲು ಹಿಡಿಯಲು ಏನೂ ಇರಲಿಲ್ಲ.

ಎಲ್ಲರ ಕಣ್ಣು ತೆರೆಸಿದ್ದು ಒಬ್ಬ ರೋಗಿಯ ಸಾವು. 1984ರಲ್ಲಿ 18 ವರ್ಷದ ಲಿಬ್ಬಿ ಜಯಾನ್ ನ್ಯೂಯಾರ್ಕ್‌ನ ಆಸ್ಪತ್ರೆಗೆ ದಾಖಲಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಅವಳನ್ನು ನೋಡಿಕೊಳ್ಳುತ್ತಿದ್ದವರು ದೀರ್ಘ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು. ತಂದೆ ಪತ್ರಕರ್ತ, ಸುಮ್ನೆ ಬಿಡಲಿಲ್ಲ. ವಿಚಾರಣೆ, ಸಮಿತಿ ಎಲ್ಲ ಆಗಿ 1989ರಲ್ಲಿ ನ್ಯೂಯಾರ್ಕ್ ರಾಜ್ಯ ತರಬೇತಿಯಲ್ಲಿರುವ ಇಂಥ ಕಿರಿಯ ವೈದ್ಯರ, ಅಂದರೆ ರೆಸಿಡೆಂಟ್‌ಗಳ ಕೆಲಸಕ್ಕೆ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದು ಇಡೀ ಅಮೆರಿಕದ ತರಬೇತಿ ನಿಯಮವಾಯಿತು. ಯುರೋಪಿನಲ್ಲಿ ಮಿತಿ ಹಂತಹಂತವಾಗಿ ಇಳಿದು 2009ಕ್ಕೆ 48 ಗಂಟೆಗೆ ಬಂತು. ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು.

ಗಮನಿಸಿ, ಅಮೆರಿಕದಲ್ಲಿ ಆ ಮಿತಿಗೆ ಕಾರಣವಾದದ್ದು ಮುಖ್ಯವಾಗಿ ರೋಗಿಯ ಸುರಕ್ಷತೆ. ಅದು ಬೇಕೇ ಬೇಕು. ಆದರೆ ಆ ಕಿರಿಯ ವೈದ್ಯರಿಗೆ ಏನಾಗುತ್ತಿದೆ ಎಂದು ಗಟ್ಟಿಯಾಗಿ ಕೇಳಿದವರು ಕಮ್ಮಿ. 2010ರ ಒಂದು ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. 740 ಇಂಟರ್ನ್‌ಗಳನ್ನು ಕೆಲಸಕ್ಕೆ ಸೇರುವ ಮೊದಲೇ ಪ್ರಶ್ನಿಸಿದಾಗ ಖಿನ್ನತೆಯ ಮಾನದಂಡ ಮುಟ್ಟಿದವರು ಶೇ. 3.9. ಇಂಟರ್ನ್‌ಶಿಪ್ ವರ್ಷದಲ್ಲಿ ಮತ್ತೆ ಮತ್ತೆ ಕೇಳಿದಾಗ ಆ ಪಾಲು ಸರಾಸರಿ ಶೇ. 25.7ಕ್ಕೆ ಏರಿತ್ತು. ‘ಗಟ್ಟಿ ಮನಸ್ಸಿಲ್ಲದವರು ಈ ಕೋರ್ಸಿಗೆ ಬರಬಾರದು’ ಎಂದು ಹೇಳುವ ಹಿರಿಯರು ಈ ಎರಡು ಅಂಕಿಗಳನ್ನು ಒಮ್ಮೆ ನೋಡಬೇಕು. ಬಂದವರು ಚೆನ್ನಾಗಿಯೇ ಇದ್ದರು, ಅಲ್ವಾ?

ಕೌನ್ಸೆಲರ್ ಒಬ್ಬರನ್ನು ನೇಮಿಸಿದರೆ ಮುಗಿಯಿತು ಎಂದುಕೊಂಡ ಸಂಸ್ಥೆಗಳಿಗೆ ಬೇರೆ ಪಾಠ ಕಾದಿತ್ತು. ಕೋಣೆ ಇತ್ತು, ಕುರ್ಚಿ ಇತ್ತು, ಬರುವವರು ಜಾಸ್ತಿ ಇರಲಿಲ್ಲ. ಕಾರಣ ಸರಳ. ಇವತ್ತು ನನ್ನ ಕಣ್ಣೀರು ನೋಡಿದವರೇ ನಾಳೆ ನನ್ನ ಪ್ರಾಕ್ಟಿಕಲ್ ಪರೀಕ್ಷಕರಾದರೆ? ಈ ಸುದ್ದಿ ವಿಭಾಗದ ಮುಖ್ಯಸ್ಥರ ಕಿವಿಗೆ ಬಿದ್ದರೆ? ಈ ಭಯಕ್ಕೆ ಆಧಾರವಿದೆ. ಹಾಗಾಗಿಯೇ ಅಮೆರಿಕದ ವೈದ್ಯಕೀಯ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಒಂದು ನಿಯಮ ಮಾಡಿತು: ವಿದ್ಯಾರ್ಥಿಗೆ ಚಿಕಿತ್ಸೆ ಕೊಡುವವರು ಅದೇ ವಿದ್ಯಾರ್ಥಿಯ ಮೌಲ್ಯಮಾಪನದಲ್ಲಿ ಇರಕೂಡದು. ಈ ಚರಿತ್ರೆಯಲ್ಲಿ ಅತ್ಯಂತ ಬೆಲೆಬಾಳುವ ಸಾಲು ಇದೇ ಎಂದು ನನ್ನ ಭಾವನೆ. 2009ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆಸರು ಹೇಳದೆಯೇ ಆನ್‌ಲೈನ್ ಪ್ರಶ್ನಾವಳಿ ತುಂಬಬಹುದು. ಕೌನ್ಸೆಲರ್ ಉತ್ತರಿಸುತ್ತಾರೆ. ಹೆಸರು ಹೇಳುವುದು, ಬಿಡುವುದು ತುಂಬಿದವರ ಇಷ್ಟ.

ಓದು ಮುಗಿದ ಮೇಲೂ ಭಯ ಬಿಡುವುದಿಲ್ಲ. ಆಗ ಅದರ ಹೆಸರು ಲೈಸೆನ್ಸ್. ಬ್ರಿಟನ್ನಿನಲ್ಲಿ ತಮ್ಮ ಮಾನಸಿಕ ಕಾಯಿಲೆಯನ್ನು ಕೆಲಸದ ಜಾಗದಲ್ಲಿ ಹೇಳಿಕೊಳ್ಳಲಾಗದೆ ಬದುಕಿದ್ದ ಮನೋವೈದ್ಯೆ ಡಾ. ದಕ್ಷಾ ಎಮ್ಸನ್ 2000ನೇ ಇಸವಿಯಲ್ಲಿ ತೀರಿಕೊಂಡರು. ಅದರ ತನಿಖೆಯ ನಂತರ, 2008ರಲ್ಲಿ ಲಂಡನ್ನಿನಲ್ಲಿ ವೈದ್ಯರಿಗೆಂದೇ ಗೋಪ್ಯ ಚಿಕಿತ್ಸಾ ಸೇವೆ ಶುರುವಾಯಿತು. ಅಮೆರಿಕದಲ್ಲಿ ಕೋವಿಡ್‌ನ ಮೊದಲ ಅಲೆಯಲ್ಲಿ ದುಡಿದ ಡಾ. ಲಾರ್ನಾ ಬ್ರೀನ್ 2020ರ ಏಪ್ರಿಲ್‌ನಲ್ಲಿ ಜೀವ ಕಳೆದುಕೊಂಡರು. ಚಿಕಿತ್ಸೆ ಪಡೆದರೆ ಲೈಸೆನ್ಸ್ ಹೋಗಬಹುದೆಂದು ಅವರು ಹೆದರಿದ್ದರು ಎಂದು ಮನೆಯವರು ಹೇಳಿದರು. ಅವರ ಹೆಸರಿನ ಕಾನೂನು 2022ರ ಮಾರ್ಚ್‌ನಲ್ಲಿ ಬಂತು. ವೈದ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಅದರಿಂದ ಹಣ ಸಿಕ್ಕಿತು. ‘ಯಾವತ್ತಾದರೂ ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ’ ಎಂಬ ಪ್ರಶ್ನೆಯನ್ನು ಲೈಸೆನ್ಸ್ ಅರ್ಜಿಗಳಿಂದ ತೆಗೆಯುವ ಕೆಲಸ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಡೆಯುತ್ತಿದೆ.

ಕೌನ್ಸೆಲಿಂಗ್ ಒಂದರಿಂದಲೇ ಎಲ್ಲ ಆಗುವುದಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ. ಸೇಂಟ್ ಲೂಯಿ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಮೊದಲ ವರ್ಷಗಳಲ್ಲಿ ಗ್ರೇಡ್ ತೆಗೆದು ಪಾಸ್, ಫೇಲ್ ಅಷ್ಟೇ ಇಟ್ಟಿತು. ತರಗತಿಯ ಗಂಟೆಗಳನ್ನೂ ಇಳಿಸಿತು. ವಿದ್ಯಾರ್ಥಿಗಳ ಖಿನ್ನತೆ, ಆತಂಕ ಎರಡೂ ಇಳಿದವು ಎಂದು 2014ರಲ್ಲಿ ವರದಿಯಾಯಿತು.

2017ರಿಂದ ಅಮೆರಿಕದ ರೆಸಿಡೆನ್ಸಿ ನಿಯಮದಲ್ಲಿ ಡ್ಯೂಟಿ ಸಮಯದಲ್ಲೇ ವೈದ್ಯರನ್ನೋ ಕೌನ್ಸೆಲರನ್ನೋ ಕಾಣಲು ಅವಕಾಶ ಕೊಡಬೇಕು ಎಂದಿದೆ. ಆದರೆ ವಾರ್ಡಿನಲ್ಲಿ ಲೆಕ್ಕ ಬೇರೆ. ಒಬ್ಬ ರೆಸಿಡೆಂಟ್ ಒಂದು ಗಂಟೆ ಹೋದರೆ ಅವರ ರೋಗಿಗಳು ಪಕ್ಕದವರ ಪಾಲಿಗೆ ಬರುತ್ತಾರೆ. ಆ ಪಕ್ಕದವರಿಗೂ ಅಷ್ಟೇ ದಣಿವು. ಇದು ಗೊತ್ತಿದ್ದೇ ಎಷ್ಟೋ ಮಂದಿ ಅಪಾಯಿಂಟ್‌ಮೆಂಟ್ ಕೇಳುವುದಿಲ್ಲ. ಈ ಗಂಟೆಗೆ ಬದಲಿ ಯಾರು ಎನ್ನುವುದನ್ನು ಡ್ಯೂಟಿ ಪಟ್ಟಿ ಹಾಕುವಾಗಲೇ ಬರೆದಿಡಬೇಕು. ಅದನ್ನು ಬರೆಯುವವರು ಕೌನ್ಸೆಲರ್ ಅಲ್ಲ, ವಿಭಾಗದ ಮುಖ್ಯಸ್ಥರು.