ಈಜುಕೊಳದ ಬೇಲಿ ಮತ್ತು ಮನೆಯ ಹಿಂಬಾಗಿಲು

ಹಿತ್ತಲಿಗೆ ಕಾಂಪೌಂಡ್ ಇದ್ದರೆ ಈಜುಕೊಳಕ್ಕೂ ಬೇಲಿ ಹಾಕಿದಂತೆಯೇ ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಕಾಂಪೌಂಡ್ ತಡೆಯುವುದು ಪಕ್ಕದ ಮನೆಯ ಮಗುವನ್ನು. ಅದೇ ಮನೆಯ ಕೂಸು ಹಿಂಬಾಗಿಲು ದಾಟಿ ನೀರಿನತ್ತ ನಡೆದರೆ ಅಡ್ಡ ಬರುವಂಥದ್ದು ಏನೂ ಇರುವುದಿಲ್ಲ. ಮೂರು ಕಡೆ ಬೇಲಿ, ನಾಲ್ಕನೆಯ ಕಡೆ ಮನೆಯ ಗೋಡೆ: ಇಷ್ಟು ಸಾಕೇ ಎಂಬುದೇ ಹಲವು ದೇಶಗಳ ಈಜುಕೊಳ ಬೇಲಿ ಕಾನೂನುಗಳ ಹಿಂದಿರುವ ಹಳೆಯ ಜಗಳ.

ನ್ಯೂಜಿಲೆಂಡ್ 1987ರಲ್ಲೇ ಈಜುಕೊಳದ ಬೇಲಿಗೆಂದು ಪ್ರತ್ಯೇಕ ಕಾಯ್ದೆ ತಂದಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಈ ಜಗಳದ ಗುರುತು ಕಾನೂನಿನಲ್ಲೇ ಉಳಿದಿದೆ. 1990ರ ಆಗಸ್ಟ್ 1ಕ್ಕಿಂತ ಮೊದಲು ಕಟ್ಟಿದ ಕೊಳಗಳಿಗೆ, ಬಾಗಿಲು ಕಿಟಕಿಗಳನ್ನು ಮಕ್ಕಳು ತೆರೆಯಲಾಗದಂತೆ ಮಾಡಿದ್ದರೆ, ಮನೆಯ ಗೋಡೆಯನ್ನೇ ತಡೆಯೆಂದು ಒಪ್ಪಲಾಗುತ್ತದೆ. ಫ್ರಾನ್ಸ್ 2003ರ ಕಾನೂನಿನಲ್ಲಿ ಆಯ್ಕೆಯನ್ನು ಮಾಲೀಕರಿಗೇ ಬಿಟ್ಟಿತು: ಬೇಲಿ, ಅಲಾರಂ, ಮುಚ್ಚಿಗೆ ಅಥವಾ ಚಾವಣಿ, ಯಾವುದಾದರೂ ಒಂದು. ಇದು ದುರ್ಬಲ ರಾಜಿ. ನೀರಿನ ಅಲೆ ಗುರುತಿಸುವ ಅಲಾರಂ ಕೂಗುವುದು ಮಗು ಬಿದ್ದ ಮೇಲೆ.

ಬೇಲಿಯ ಅಳತೆಗಳೆಲ್ಲ ಪುಟ್ಟ ಮೈಯನ್ನು ನೋಡಿ ಇಟ್ಟವು. ಆಸ್ಟ್ರೇಲಿಯಾದ ಮಾನದಂಡದ ಪ್ರಕಾರ ಎತ್ತರ ಕನಿಷ್ಠ 1,200 ಮಿ.ಮೀ. ಇರಬೇಕು, ಸರಳುಗಳ ನಡುವಿನ ಸಂದಾಗಲಿ ಬೇಲಿಯ ಕೆಳಗಿನ ಸಂದಾಗಲಿ 100 ಮಿ.ಮೀ. ಮೀರಬಾರದು. ಅದಕ್ಕೂ ಮುಖ್ಯವಾದದ್ದು 900 ಮಿ.ಮೀ. ಉದ್ದಕ್ಕೆ ಕಾಲಿಡಲು ಆಸರೆಯೇ ಸಿಗದಂತೆ ಬಿಡುವ ಜಾಗ. ಒಂದು ಹೂಕುಂಡ, ಒಂದು ಕುರ್ಚಿ, ಪಂಪಿನ ಪೆಟ್ಟಿಗೆ ಅಲ್ಲಿಗೆ ಬಂತೆಂದರೆ ಅದೇ ಮೆಟ್ಟಿಲಾಗುತ್ತದೆ, ಬೇಲಿಯ ಎತ್ತರ ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೆಡುವುದು ಗೇಟು. ಅದು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ಬಿಟ್ಟೊಡನೆ ತಾನೇ ಮುಚ್ಚಿ ಚಿಲಕ ಬೀಳಬೇಕು. ಚಿಲಕಕ್ಕೆ ಮರೆ ಇಲ್ಲದಿದ್ದರೆ ಅದನ್ನು ಬಿಡಿಸುವ ಗುಂಡಿ ನೆಲದಿಂದ 1,500 ಮಿ.ಮೀ. ಮೇಲಿರಬೇಕು. ವರ್ಷ ಕಳೆದಂತೆ ಸ್ಪ್ರಿಂಗ್ ಸಡಿಲವಾಗುತ್ತದೆ, ಕಂಬದ ಬುಡ ಕುಸಿದು ಗೇಟು ಜೋತುಬೀಳುತ್ತದೆ, ಚಿಲಕದ ನಾಲಗೆ ತನ್ನ ಕುಳಿಗೆ ಸೇರುವುದಿಲ್ಲ. ದೂರದಿಂದ ನೋಡಿದರೆ ಗೇಟು ಮುಚ್ಚಿದಂತೆಯೇ ಕಾಣುತ್ತದೆ. ಮಗು ಕೈಯಿಟ್ಟು ತಳ್ಳಿದರೆ ತೆರೆದುಕೊಳ್ಳುತ್ತದೆ. ನ್ಯೂಜಿಲೆಂಡ್ 2017ರಿಂದ ಮೂರು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ ಮಾಡಿದ್ದು ಸರಿಯಾದ ಹೆಜ್ಜೆ, ಆದರೆ ಮೂರು ವರ್ಷ ಕಾಯುವ ಅಗತ್ಯವಿಲ್ಲ. ಗೇಟನ್ನು ಪೂರ್ತಿ ತೆರೆದು ಬಿಡಿ. ಆಮೇಲೆ ಅರ್ಧ ತೆರೆದು ಬಿಡಿ. ಕೊನೆಗೆ ಚಿಲಕಕ್ಕೆ ತಾಗುವಷ್ಟು ಮುಚ್ಚಿ ಬಿಡಿ. ಮೂರು ಸಲವೂ ಕೈ ತಾಕಿಸದೆ ಚಿಲಕ ಬಿದ್ದ ಸದ್ದು ಕೇಳಬೇಕು. ಸಾಮಾನ್ಯವಾಗಿ ಸೋಲುವುದು ಮೂರನೆಯದರಲ್ಲಿ, ಏಕೆಂದರೆ ಅಷ್ಟು ಕಡಿಮೆ ದೂರದಲ್ಲಿ ಗೇಟಿಗೆ ವೇಗವೇ ಸಿಗುವುದಿಲ್ಲ.