ಮಣ್ಣು ರಸ್ತೇಲಿ ಬಿರುಕು ಬಿಟ್ಟ ಜರ್ಮನ್ ಬಾಡಿ ಮತ್ತು ಹೋಲ್ಡನ್ ಕಮೋಡೋರ್

ಕಾರು ಅಂದ್ರೆ ನಮ್ಮ ಜನ ಮೊದಲು ಕೇಳೋದು ಮೈಲೇಜ್ ಎಷ್ಟು, ಇಂಜಿನ್ ಎಷ್ಟು ಸಿಸಿ ಅಂತ. ಬಾಡಿ ತಿರುಚಿದ್ರೆ ಎಷ್ಟು ತಿರುಚಿಕೊಳ್ಳುತ್ತೆ ಅಂತ ಯಾರೂ ಕೇಳಲ್ಲ. ಆದ್ರೆ ದೊಡ್ಡ ಫ್ಯಾಮಿಲಿ ಸೆಡಾನ್ ಡಿಸೈನ್ ಮಾಡೋರ ನಿದ್ದೆ ಕೆಡಿಸೋದು ಅದೇ ಪ್ರಶ್ನೆ. ಇದಕ್ಕೆ ಆಸ್ಟ್ರೇಲಿಯಾದ ಹೋಲ್ಡನ್ ಕಮೋಡೋರ್‌ಗಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ.

1970ರ ದಶಕದಲ್ಲಿ ಪೆಟ್ರೋಲ್ ರೇಟ್ ಏರಿದ ಮೇಲೆ, ಜನರಲ್ ಮೋಟರ್ಸ್‌ಗೆ ಸೇರಿದ ಹೋಲ್ಡನ್ ಕಂಪನಿ ತನ್ನ ದೊಡ್ಡ ಕಿಂಗ್ಸ್‌ವುಡ್ ಬದಲು ಸ್ವಲ್ಪ ಚಿಕ್ಕ ಕಾರು ತರೋಣ ಅಂತ ಜರ್ಮನಿಯ ಓಪೆಲ್ ರೆಕಾರ್ಡ್ ಬಾಡಿ ತಗೊಂತು. ರೆಕಾರ್ಡ್ ಮೂತಿ ಚಿಕ್ಕದು, ಹೋಲ್ಡನ್‌ಗೆ ಆರು ಸಿಲಿಂಡರ್ ಮತ್ತು ವಿ8 ಇಂಜಿನ್ ಕೂರಿಸಬೇಕಿತ್ತು, ಹಾಗಾಗಿ ಓಪೆಲ್ ಸೆನೇಟರ್ ಕಾರಿನ ಮೂತಿ ತಂದು ಜೋಡಿಸಿದ್ರು. ಆಮೇಲೆ ಪ್ರೊಟೊಟೈಪ್ ಕಾರುಗಳನ್ನ ಅಲ್ಲಿನ ರಸ್ತೆ ಮೇಲೆ ಓಡಿಸಿ ನೋಡಿದ್ರೆ ಫೈರ್‌ವಾಲ್ ಹತ್ರ, ಅಂದ್ರೆ ಇಂಜಿನ್‌ಗೂ ಡ್ರೈವರ್ ಕಾಲಿಗೂ ಮಧ್ಯ ಇರೋ ತಗಡಿನ ಗೋಡೆ ಹತ್ರ, ಬಾಡಿ ಬಿರುಕು ಬಿಡೋಕೆ ಶುರುವಾಯ್ತು, ಕಾರು ಎರಡು ಹೋಳಾಗೋ ಸ್ಥಿತಿ.

ಜರ್ಮನ್ ಇಂಜಿನಿಯರ್‌ಗಳು ಕೆಟ್ಟ ಕೆಲಸ ಮಾಡಿರಲಿಲ್ಲ. ಅವರ ಲೆಕ್ಕದಲ್ಲಿ ಇದ್ದಿದ್ದು ಡಾಂಬರು ರಸ್ತೆ. ಆಸ್ಟ್ರೇಲಿಯಾದ ಒಳನಾಡಿನ ಮಣ್ಣು ರಸ್ತೆಗಳಲ್ಲಿ ಗಾಡಿ ಓಡಿ ಓಡಿ ಅಡ್ಡಡ್ಡ ಸಾಲು ಸಾಲಾಗಿ ಸಣ್ಣ ಉಬ್ಬುಗಳು ಎದ್ದಿರ್ತವೆ. ಮುಕ್ಕಾಲು ಮೀಟರಿಗೊಂದು ಉಬ್ಬು ಅಂತ ಇಟ್ಕೊಳ್ಳಿ, 80 ಕಿ.ಮೀ. ಸ್ಪೀಡಲ್ಲಿ ಹೋದ್ರೆ ಪ್ರತಿ ಚಕ್ರಕ್ಕೂ ಸೆಕೆಂಡಿಗೆ ಸುಮಾರು 30 ಏಟು, ಒಂದು ಗಂಟೇಲಿ ಒಂದು ಲಕ್ಷದ ಮೇಲೆ! ಒಂದೊಂದು ಏಟೂ ಚಿಕ್ಕದೇ, ಒಂದೇ ಏಟಿಗೆ ಉಕ್ಕು ಮುರಿಯಲ್ಲ. ಆದ್ರೆ ತಂತಿನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ರೆ ಕೊನೆಗೆ ಪಟ್ ಅಂತ ತುಂಡಾಗುತ್ತಲ್ಲ, ಹಾಗೆ ಎಲ್ಲೋ ಒಂದು ವೆಲ್ಡಿಂಗ್ ಅಂಚಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಪ್ರತಿ ಏಟಿಗೂ ಚೂರು ಚೂರು ಬೆಳೆಯುತ್ತೆ. ಇದಕ್ಕೆ ಮೆಟಲ್ ಫಟೀಗ್ ಅಂತಾರೆ.

ಸರಿ, ಫೈರ್‌ವಾಲ್ ಹತ್ರನೇ ಯಾಕೆ? ಇಂಜಿನ್ ಭಾರ ಮತ್ತು ಮುಂದಿನ ಸಸ್ಪೆನ್ಷನ್ ಏಟು ಎರಡನ್ನೂ ಹೊರೋದು ಮುಂದಕ್ಕೆ ಚಾಚಿರೋ ಎರಡು ಉಕ್ಕಿನ ತೊಲೆ. ಅವು ಬಂದು ಕ್ಯಾಬಿನ್‌ಗೆ ಸೇರೋ ಜಾಗ ಅದು. ಒಂದು ಕಡೆ ಬಗ್ಗೋ ತೊಲೆ, ಇನ್ನೊಂದು ಕಡೆ ಗಟ್ಟಿ ಡಬ್ಬಿ, ಸ್ಟ್ರೆಸ್ ಎಲ್ಲಾ ಕೂಡೋದು ಆ ಜೋಡಣೇಲೇ. ಹೋಲ್ಡನ್‌ನವರು ಇಡೀ ಸ್ಟ್ರಕ್ಚರನ್ನೇ ತಿದ್ದಿ ಬಲಪಡಿಸಬೇಕಾಯ್ತು, ಅದಕ್ಕೆ ತುಂಬಾ ದುಡ್ಡು ಸುರಿದು 1978ರಲ್ಲಿ ಮೊದಲ ಕಮೋಡೋರ್ ಮಾರ್ಕೆಟ್ಟಿಗೆ ಬಿಟ್ರು.

ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಂಡಿರೋ ಒಂದು ವಿಷಯ ಹೇಳ್ಲೇಬೇಕು. ಹೈ ಸ್ಟ್ರೆಂಗ್ತ್ ಸ್ಟೀಲ್ ಹಾಕಿದ್ದೀವಿ, ಅದಕ್ಕೇ ಬಾಡಿ ಬಗ್ಗಲ್ಲ ಅಂತ ಶೋರೂಮಲ್ಲಿ ಹೇಳ್ತಾರಲ್ಲ, ಅದು ಅರ್ಧ ಮಾತ್ರ ನಿಜ. ಆ ಉಕ್ಕು ಮುರಿಯೋಕೆ, ಶಾಶ್ವತವಾಗಿ ಸೊಟ್ಟಗಾಗೋಕೆ ಜಾಸ್ತಿ ಬಲ ಬೇಕು, ಆಕ್ಸಿಡೆಂಟ್ ಆದಾಗ ಜೀವ ಉಳಿಸೋದು ಅದೇ. ಆದ್ರೆ ಅದೇ ದಪ್ಪದ ಸಾದಾ ಉಕ್ಕು ಒಂದು ಭಾರಕ್ಕೆ ಎಷ್ಟು ಬಗ್ಗುತ್ತೋ ಇದೂ ಹೆಚ್ಚುಕಮ್ಮಿ ಅಷ್ಟೇ ಬಗ್ಗುತ್ತೆ. ಬಗ್ಗದಂತೆ ಮಾಡೋದು ಆಕಾರ. ಒಂದು ಬದಿ ತೆರೆದಿರೋ ಪಟ್ಟಿಯನ್ನ ಮುಚ್ಚಿ ಕೊಳವೆ ಥರ ಮಾಡಿದ್ರೆ ತೂಕ ಸ್ವಲ್ಪ ಏರಿದ್ರೂ ತಿರುಚೋಕೆ ಎಷ್ಟೋ ಪಟ್ಟು ಕಷ್ಟ ಆಗುತ್ತೆ. ಬಾಗಿಲ ಕೆಳಗಿನ ಸಿಲ್, ಕಂಬಗಳು, ಛಾವಣಿ ಅಂಚು ಎಲ್ಲಾ ಮುಚ್ಚಿದ ಡಬ್ಬಿ ಥರ ಇರೋದು ಅದಕ್ಕೇ.

ಬಾಡಿ ಗಟ್ಟಿ ಇದ್ರೇನೇ ಸಸ್ಪೆನ್ಷನ್ ಸರಿಯಾಗಿ ಕೆಲಸ ಮಾಡೋದು. ಬಾಡಿ ಬಗ್ತಾ ಇದ್ರೆ ಅದೇ ಇನ್ನೊಂದು ಸ್ಪ್ರಿಂಗ್ ಆಗಿಬಿಡುತ್ತೆ, ಆ ಸ್ಪ್ರಿಂಗ್‌ಗೆ ಶಾಕ್ ಅಬ್ಸಾರ್ಬರ್ ಇಲ್ಲ. ಬಾಡಿ ತಾನಾಗಿ ಕಂಪಿಸೋ ಫ್ರೀಕ್ವೆನ್ಸಿಗೂ ರಸ್ತೆ ಏಟಿಗೂ ತಾಳ ಕೂಡಿದ್ರಂತೂ ರೆಸೊನೆನ್ಸ್ ಆಗಿ ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲಾ ನಡುಗುತ್ತೆ.

ಸಸ್ಪೆನ್ಷನ್ ವಿಷಯದಲ್ಲೂ ಹೋಲ್ಡನ್ ಒಂದ್ಸಲ ಎಡವಿತು. 1997ರ ವಿಟಿ ಮಾಡೆಲ್ ಓಪೆಲ್ ಒಮೆಗಾ ಬಾಡಿಯನ್ನ ಅಗಲ ಮಾಡಿ ಕಟ್ಟಿದ್ದು. ಒಮೆಗಾದಲ್ಲಿ ಹಿಂದಿನ ಚಕ್ರದ ಕೋನ ಹಿಡಿದಿಡೋಕೆ ಟೋ ಕಂಟ್ರೋಲ್ ಲಿಂಕ್ ಅನ್ನೋ ಸಣ್ಣ ಸಲಾಕೆ ಇತ್ತು, ಹೋಲ್ಡನ್ ಅದನ್ನ ತೆಗೆದುಬಿಟ್ಟಿತು. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಾ ಲಗೇಜ್ ಹಾಕಿದ್ರೆ ಹಿಂಭಾಗ ಕುಸಿದು ಚಕ್ರ ಒಳಕ್ಕೆ ವಾಲುತ್ತೆ, ಟೈರಿನ ಒಳ ಅಂಚು ಬೇಗ ಸವೆಯುತ್ತೆ. ಫ್ಯಾಮಿಲಿ ಕಾರು ಅಂದ್ಮೇಲೆ ತುಂಬಿದ ಗಾಡೀನೇ ಅಲ್ವಾ ನಾರ್ಮಲ್ ಸ್ಥಿತಿ? ಆ ಲಿಂಕ್ 2001ರಲ್ಲಿ ವಾಪಸ್ ಬಂತು.

2006ರ ವಿಇ ಕಮೋಡೋರ್‌ಗೆ ಹೋಲ್ಡನ್ ಜರ್ಮನ್ ಬಾಡಿಯ ಸಹವಾಸವೇ ಬೇಡ ಅಂತ ನೂರು ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿ ಸೊನ್ನೆಯಿಂದ ಕಟ್ಟಿತು. ಬ್ಯಾಟರಿನ ಬಾನೆಟ್ ಕೆಳಗಿಂದ ಡಿಕ್ಕಿಗೆ ಕಳಿಸಿದ್ರು, ಪೆಟ್ರೋಲ್ ಟ್ಯಾಂಕನ್ನ ಹಿಂದಿನ ಆಕ್ಸಲ್‌ಗಿಂತ ಮುಂದಕ್ಕೆ ತಂದ್ರು. ಇದ್ರಿಂದ ಮುಂದೆ ಹಿಂದೆ ಭಾರ ಹೆಚ್ಚುಕಮ್ಮಿ ಸಮ ಆಯ್ತು, ಹಿಂದಿಂದ ಗುದ್ದಿದ್ರೆ ಟ್ಯಾಂಕಿಗೆ ರಕ್ಷಣೆನೂ ಸಿಕ್ತು. ಹಿಂದಿನ ಸಸ್ಪೆನ್ಷನ್ ಮಲ್ಟಿ ಲಿಂಕ್ ಆಯ್ತು, ಅಂದ್ರೆ ಒಂದೊಂದು ಚಕ್ರವನ್ನೂ ಹಲವು ಸಲಾಕೆ ಸೇರಿ ಹಿಡಿದಿಡೋ ಥರದ್ದು. ನಂಗೆ ತುಂಬಾ ಇಷ್ಟವಾದದ್ದು ಹ್ಯಾಂಡ್ ಬ್ರೇಕ್: ಅದನ್ನ ಮಧ್ಯದ ಕನ್ಸೋಲ್ ಅಂಚಲ್ಲೇ ಅಡಗಿಸಿಟ್ಟಿದ್ರು, ಯಾಕಂದ್ರೆ ಬೇರೆ ದೇಶಕ್ಕೆ ಎಡಗಡೆ ಸ್ಟೀರಿಂಗ್ ಕಾರು ಮಾಡುವಾಗ ಕಡಿಮೆ ಖರ್ಚಲ್ಲಿ ಆಚೆ ಬದಿಗೆ ಹಾಕಬಹುದು.

ಅಷ್ಟು ದೊಡ್ಡ ಖರ್ಚು ಹುಟ್ಟಬೇಕಂದ್ರೆ ಆಸ್ಟ್ರೇಲಿಯಾ ಒಂದೇ ಸಾಲಲ್ಲ, ರಫ್ತು ಬೇಕೇ ಬೇಕಿತ್ತು. ಅಮೆರಿಕಕ್ಕೆ ಪಾಂಟಿಯಾಕ್ ಜಿ8 ಅನ್ನೋ ಹೆಸರಲ್ಲಿ ಹೋಯ್ತು, ಆದ್ರೆ 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿ ಆದಾಗ ಪಾಂಟಿಯಾಕ್ ಬ್ರ್ಯಾಂಡೇ ಮುಚ್ಚೋ ತೀರ್ಮಾನ ಆಗಿ ಆ ದಾರಿನೂ ಹೋಯ್ತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಜನನೂ ಎಸ್‌ಯುವಿ ಕಡೆ ತಿರುಗಿದ್ರು. 2013ರಲ್ಲಿ ತೂಕ ಇಳಿಸೋಕೆ ಬಾನೆಟ್ಟು, ಡಿಕ್ಕಿ ಬಾಗಿಲು ಅಲ್ಯೂಮಿನಿಯಂದು ಮಾಡಿದ್ರು, ನನ್ನ ಪ್ರಕಾರ ಇಂಜಿನಿಯರಿಂಗ್ ದೃಷ್ಟಿಯಿಂದ ಅದೇ ಅತಿ ಒಳ್ಳೆ ಕಮೋಡೋರ್. ಆದ್ರೆ ಮಾರಾಟದ ಲೆಕ್ಕ ಕೂಡ್ಲಿಲ್ಲ, 2017ರ ಅಕ್ಟೋಬರ್ 20ಕ್ಕೆ ಅಡಿಲೇಡ್ ಹತ್ರದ ಎಲಿಜಬೆತ್ ಫ್ಯಾಕ್ಟರಿ ಮುಚ್ಚಿತು.